ಮೆಟುಚೆನ್ನಿನಲ್ಲಿ ಓಟು ಕೇಳಿದವರು

ನಾನು ಅಮೆರಿಕಕ್ಕೆ ಹೋದ ಮೊದಲ ಚಳಿಗಾಲದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬಾಗಿಲು ಬಡಿದ ಮೊದಲನೆಯವರು ಓಟು ಕೇಳಲು ಬಂದಿದ್ದರು. ಬಾಗಿಲಿನ ಕಿಂಡಿಯಿಂದ ನೋಡಿದೆ. ಎತ್ತರದ ಮುದುಕರು, ಬೂದು ಬಣ್ಣದ ಉದ್ದ ಕೋಟು, ತೆಗೆದು ಕೈಯಲ್ಲಿ ಹಿಡಿದ ಟೋಪಿ. ಬಿಳಿಯರೂ ಅಲ್ಲ, ನಮ್ಮವರೂ ಅಲ್ಲ ಅನ್ನುವಂಥ ಮೈಬಣ್ಣ. ಬಾಗಿಲು ಬಡಿದಾದ ಮೇಲೆ ಹಿಂದೆ ಸರಿದು, ಒಳಗಿನವರಿಗೆ ತಾವು ಪೂರ್ತಿ ಕಾಣುವಂತೆ ನಿಂತಿದ್ದರು. ಗುರುತಿಲ್ಲದವರಿಗೆ ಬಾಗಿಲು ತೆಗೆಯಬೇಡ ಎಂದು ಗಂಡ ದಿನಾ ಹೇಳಿ ರೈಲಿಗೆ ಓಡುತ್ತಿದ್ದ. ಆದರೆ ದಿನವಿಡೀ ಒಬ್ಬಳೇ ಕೂತು ನನಗೆ ತಲೆ ಕೆಟ್ಟುಹೋಗಿತ್ತು. ಕಳ್ಳನಾದರೂ ಸರಿ, ಮಾತಾಡಲು ಒಂದು ಜೀವ ಸಿಕ್ಕಿತಲ್ಲ ಎಂದು ಚಿಲಕ ತೆಗೆದೆ.

ಅವರು ಇಂಗ್ಲಿಷಿನಲ್ಲಿ, ಸಭೆಯಲ್ಲಿ ಮಾತಾಡಿ ಪಳಗಿದ ದನಿಯಲ್ಲಿ, ತಾವು ಈ ಕ್ಷೇತ್ರದ ಪಾರ್ಲಿಮೆಂಟ್ ಸದಸ್ಯರೆಂದೂ, ಶನಿವಾರ ಮತದಾನವಿದೆಯೆಂದೂ, ನನ್ನ ಓಟು ತಮಗೇ ಬೇಕೆಂದೂ ಹೇಳಿದರು. ಅಮೆರಿಕದಲ್ಲಿ ಪಾರ್ಲಿಮೆಂಟು ಇಲ್ಲ ಎಂಬಷ್ಟು ನನಗೂ ಗೊತ್ತಿತ್ತು. ಆದರೂ "ಶೂರ್, ಶೂರ್" ಅಂದೆ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಓಟು ಕೇಳಲು ಬಂದವರಿಗೆ ಇಲ್ಲ ಅಂದದ್ದನ್ನು ನಾನು ಕೇಳಿಯೇ ಇಲ್ಲ. ಒಂದೇ ದಿನ ಎಲ್ಲ ಪಕ್ಷದವರೂ ಬಂದು ಹೋಗುತ್ತಿದ್ದರು, ಎಲ್ಲರಿಗೂ ಅಜ್ಜಿ ನೀರು ಬೆಲ್ಲ ಕೊಟ್ಟು "ನಿಮಗ ಹಾಕ್ತೀವ್ರಿ" ಎಂದೇ ಕಳಿಸುತ್ತಿದ್ದಳು. ಬಾಗಿಲಿಗೆ ಬಂದವರ ಮುಖ ಮುರಿಯಬಾರದು, ಅಷ್ಟೇ.

ಅಷ್ಟರಲ್ಲಿ ಒಳಗೆ ಕುಕ್ಕರು ಸೀಟಿ ಹೊಡೆಯುವುದನ್ನು ಬಿಟ್ಟು ಬೇರೆ ಥರ ಸದ್ದು ಮಾಡತೊಡಗಿತು. ಸೀದ ವಾಸನೆ ಬಂತು. "ಅಯ್ಯ, ಬ್ಯಾಳಿ ಹೊತ್ತತು!" ಎಂದು ನನ್ನಷ್ಟಕ್ಕೆ ಅಂದುಕೊಂಡೆ.

"ಹೋಗ ತಂಗಿ, ಮೊದ್ಲ ಒಲಿ ಆರಿಸಿ ಬಾ. ನಾ ಇಲ್ಲೇ ನಿಂತಿರ್ತೀನಿ" ಎಂದರು ಆ ಮುದುಕರು.

ನಾನು ಒಲೆ ಆರಿಸುವುದನ್ನು ಮರೆತು ಅವರ ಬಾಯಿಯನ್ನೇ ನೋಡುತ್ತ ನಿಂತೆ. ಊರು ಬಿಟ್ಟ ಮೇಲೆ ನಮ್ಮ ಕಡೆಯ ಮಾತನ್ನು ಗಂಡನ ಬಾಯಲ್ಲಿ ಬಿಟ್ಟು ಇನ್ನೆಲ್ಲೂ ಕೇಳಿರಲಿಲ್ಲ. ಅವನು ಕೂಡ ಆಫೀಸಿನಿಂದ ಬಂದಮೇಲೆ ಅರ್ಧ ಇಂಗ್ಲಿಷೇ ಆಡುತ್ತಿದ್ದ. ನನಗೆ ಅಳು ಬಂತು, ಬೇಳೆ ಪೂರಾ ಕರಕಾಯಿತು.

ನಮ್ಮ ಅಪಾರ್ಟ್‌ಮೆಂಟುಗಳು ನ್ಯೂಜರ್ಸಿಯ ಎಡಿಸನ್ನಿನ ಅಂಚಿನಲ್ಲಿ, ಮೆಟುಚೆನ್ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ ಇದ್ದವು. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳಿಗೆಲ್ಲ ತಲೆ ಕೆಡುತ್ತದೆ ಎಂದು ಜಗತ್ತೇ ಹೆದರಿದ್ದ ಕಾಲ. ಆ ಹೆದರಿಕೆಯ ಪುಣ್ಯದಿಂದ ನಮ್ಮ ಗಂಡಂದಿರಿಗೆಲ್ಲ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಗಂಡಸರೆಲ್ಲ ಒಂದೇ ಬಗೆಯ ಜಾಕೆಟ್ಟು ಹಾಕಿಕೊಂಡು ನ್ಯೂಯಾರ್ಕಿಗೋ ಜರ್ಸಿ ಸಿಟಿಗೋ ಕಮ್ಯೂಟ್ ಮಾಡುತ್ತಿದ್ದರು. ಹೆಂಡಂದಿರದು ಎಚ್-ಫೋರ್ ವೀಸಾ. ಕೆಲಸ ಮಾಡುವ ಹಾಗಿಲ್ಲ, ಹೆಚ್ಚಿನವರಿಗೆ ಡ್ರೈವಿಂಗ್ ಬಾರದು. ಎಂ.ಎಸ್ಸಿ ಓದಿ ಊರಲ್ಲಿ ಕಾಲೇಜಿನಲ್ಲಿ ಪಾಠ ಮಾಡಿ ಬಂದ ನಾನು ಅಲ್ಲಿ ಕಿಟಕಿಯ ಹತ್ತಿರ ಕೂತು ಪಾರ್ಕಿಂಗ್ ಲಾಟ್ ನೋಡುತ್ತಿದ್ದೆ. ಆ ಕಿಟಕಿಯ ಮೇಲೆ ನನಗೆ ಈಗಲೂ ಸಿಟ್ಟಿದೆ.

ಅವತ್ತೇ ಸಂಜೆ ಒಬ್ಬಳು ಹೆಂಗಸು ಕಾರಿನಲ್ಲಿ ಹುಡುಕುತ್ತ ಬಂದಳು. ಆ ಮುದುಕರ ಮಗಳು. ಮೆಟುಚೆನ್ನಿನಲ್ಲಿ ರೈಲು ಹಳಿಯ ಆಚೆಗಿನ ಬೀದಿಯಲ್ಲಿ ಅವಳ ಮನೆ. ಔಷಧ ಕಂಪನಿಯೊಂದರಲ್ಲಿ ಕೆಲಸ, ಗಂಡನಿಂದ ಬೇರೆಯಾಗಿದ್ದಳು. ಅವಳ ಇಂಗ್ಲಿಷು ಮೂಗಿನಲ್ಲಿ ಎಳೆದು ಆಡುವಂಥದ್ದು, ಅರ್ಥವಾಗಲು ನನಗೆ ಎರಡು ಸಲ ಕೇಳಬೇಕಾಯಿತು. ಅವಳ ತಂದೆ ಆಸ್ಟ್ರೇಲಿಯಾದಲ್ಲಿ ನಿಜವಾಗಿಯೂ ಪಾರ್ಲಿಮೆಂಟ್ ಸದಸ್ಯರಾಗಿದ್ದರಂತೆ. ಸೋತು ಬಹಳ ವರ್ಷಗಳಾಗಿದ್ದವು. ತಾಯಿ ತೀರಿಹೋದ ಮೇಲೆ ತಂದೆಯನ್ನು ಇಲ್ಲಿಗೆ ಕರೆತಂದಿದ್ದಳು. ನೆನಪು ಒಂದೊಂದಾಗಿ ಅಳಿಸಿಹೋಗುತ್ತಿತ್ತು. ಈಗ ಅವರಿಗೆ ಉಳಿದಿದ್ದು ಒಂದೇ ಚುನಾವಣೆ, ಅದು ಯಾವಾಗಲೂ ಬರುವ ಶನಿವಾರ.

ನಮ್ಮ ಮಾತನ್ನು ಅವರು ಎಷ್ಟು ಚೆನ್ನಾಗಿ ಆಡುತ್ತಾರೆ ಎಂದು ನಾನು ಹೇಳಿದಾಗ ಅವಳು ತಲೆಬುಡ ತಿಳಿಯದೆ ನೋಡಿದಳು. ಅಪ್ಪ ಇತ್ತೀಚೆಗೆ ಏನೇನೋ ಬಡಬಡಿಸುತ್ತಾರೆ, ಕಾಯಿಲೆ ಹೆಚ್ಚಾಯಿತು ಎಂದು ಡಾಕ್ಟರಿಗೆ ಹೇಳಿದ್ದಳಂತೆ. ಅದು ಕನ್ನಡ, ನಮ್ಮ ಭಾಷೆ ಅಂದೆ. ಅವಳು ನನ್ನ ಸೋಫಾದ ತುದಿಯಲ್ಲಿ ಕೂತುಬಿಟ್ಟಳು. ಕಾಯಿಲೆಗೆ ಮುಂಚೆ, ಅಷ್ಟು ವರ್ಷದಲ್ಲಿ ಅವಳ ಎದುರು ಅವರು ಅದರ ಒಂದು ಶಬ್ದವನ್ನೂ ಆಡಿರಲಿಲ್ಲ.

ಆಮೇಲೆ ತುಂಡು ತುಂಡಾಗಿ ಅವರ ಕಥೆಯನ್ನು ಇಬ್ಬರೂ ಕೂಡಿಸಿಕೊಂಡೆವು, ಅವಳು ಅತ್ತಲಿಂದ, ನಾನು ಇತ್ತಲಿಂದ. ಅವರು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿದ ಆಂಗ್ಲೋ-ಇಂಡಿಯನ್ನರು. ಅಪ್ಪ ಇಂಜಿನ್ ಡ್ರೈವರ್. ಮನೆಯಲ್ಲಿ ಇಂಗ್ಲಿಷು, ಹಿತ್ತಲಲ್ಲಿ ಕೆಲಸದವರ ಮಕ್ಕಳ ಜೊತೆ ಕನ್ನಡ. ಹರೆಯದಲ್ಲಿ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದರು. ಆಗ ಆ ದೇಶದವರು ಬಿಳಿಯರನ್ನು ಬಿಟ್ಟು ಬೇರೆಯವರನ್ನು ಸುಲಭವಾಗಿ ಒಳಗೆ ಬಿಡುತ್ತಿರಲಿಲ್ಲ. ಇವರ ಅಜ್ಜ ಮುತ್ತಜ್ಜ ಯಾರು ಎಂದೆಲ್ಲ ಕೇಳಿ, ಮುಖ ನೋಡಿ ಒಳಗೆ ಬಿಟ್ಟರಂತೆ. ಅವತ್ತೇ ಕನ್ನಡವನ್ನು ನಾಲಗೆಯ ಕೆಳಗೆ ಇಟ್ಟುಕೊಂಡವರು ಮತ್ತೆ ಹೊರಗೆ ತೆಗೆಯಲಿಲ್ಲ. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದರು, ಯೂನಿಯನ್ ಸೇರಿದರು, ಮಾತು ಬಲ್ಲವರೆಂದು ಮುಂದೆ ಬಂದರು, ಕೊನೆಗೆ ಎಲೆಕ್ಷನ್ನಿಗೆ ನಿಂತರು. ಪಾಂಪ್ಲೆಟ್ಟಿನಲ್ಲಿ 'ರೈಲ್ವೆ ಕುಟುಂಬದ ಮಗ' ಎಂದು ಹಾಕಿಸಿದ್ದರಂತೆ. ಯಾವ ರೈಲ್ವೆ ಎಂದು ಹಾಕಿಸಿರಲಿಲ್ಲ.

ಮಂತ್ರಿಯಾಗಲಿಲ್ಲ, ಪೇಪರಿನಲ್ಲಿ ಫೋಟೋ ಬರುವ ಪೈಕಿ ಅಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಶಾಲೆಯ ಮುಂದೆ ಸಿಗ್ನಲ್ ಬೇಕು, ಬಸ್ಸು ಬೇಕು, ಮುದುಕರಿಗೆ ಕೂರಲು ನೆರಳು ಬೇಕು ಎಂದು ಕೇಳಿಕೊಂಡೇ ಕೆಲಸ ಮಾಡಿದರು. ಆ ದೇಶದಲ್ಲಿ ಓಟು ಹಾಕದಿದ್ದರೆ ದಂಡ. ಹಾಗಾಗಿ ಕುಡುಕ, ಸಿಡುಕ, ಸೋಮಾರಿ ಎಲ್ಲರೂ ಹಾಕಲೇಬೇಕು, ಎಲ್ಲರ ಮನೆಗೂ ಹೋಗಲೇಬೇಕು. ಇವರು ಇಡೀ ಕ್ಷೇತ್ರದ ಬಾಗಿಲುಗಳನ್ನು ಕಾಲ್ನಡಿಗೆಯಲ್ಲೇ ಬಡಿದವರು. ಆ ಕಸುಬು ಅವರಿಗೆ ಮರೆತಿರಲಿಲ್ಲ. ಬಡಿದ ಮೇಲೆ ಹಿಂದೆ ಸರಿಯಬೇಕು. ಗೇಟು ಹೇಗಿತ್ತೋ ಹಾಗೇ ಹಾಕಿ ಬರಬೇಕು. ಹುಲ್ಲಿನ ಮೇಲೆ ಕಾಲಿಡಬಾರದು. "ಕುಂದರಬಾರದವಾ, ಕುಂತ್ರ ಮಾತು ಬೆಳೀತೈತಿ, ಬಾಜೂ ಮನಿ ತಪ್ಪತೈತಿ" ಎನ್ನುತ್ತಿದ್ದರು. ಅಷ್ಟು ಹೇಳಿ ನಮ್ಮ ಮನೆಯಲ್ಲಿ ಆರಾಮಾಗಿ ಕೂತು ಕಾಫಿ ಕುಡಿಯುತ್ತಿದ್ದರು.

ನಮ್ಮ ಕಾಂಪ್ಲೆಕ್ಸಿನಲ್ಲಿ ಅವರು ಬಲುಬೇಗ ಎಲ್ಲರಿಗೂ ಅಂಕಲ್ ಆದರು. ನನ್ನ ಮೇಲಿನ ಮನೆಯಲ್ಲಿ ಮೈಸೂರಿನ ಆಂಟಿ ಒಬ್ಬರಿದ್ದರು. ಮಗಳ ಬಾಣಂತನಕ್ಕೆ ಬಂದವರು, ವೀಸಾ ಮುಂದೂಡಿಕೊಂಡು ಉಳಿದಿದ್ದರು. ಆಡಳಿತವೆಲ್ಲ ಅವರದೇ. ಅಂಕಲ್ ಬಂದರೆ ಅವರು ಎದ್ದುಹೋಗಿ ಹೊಸದಾಗಿ ಡಿಕಾಕ್ಷನ್ ಹಾಕುತ್ತಿದ್ದರು. "ಪಾಪ, ಎಂಪಿ ಆಗಿದ್ದೋರು ಕಣ್ರೀ, ನಮ್ಮನೆ ಬಾಗಿಲಿಗೆ ಬರ್ತಾರೆ ಅಂದ್ರೇನು" ಎಂದು ಫೋನಿನಲ್ಲಿ ಮೈಸೂರಿಗೂ ಹೇಳಿದ್ದರು. ಗುಜರಾತಿನವರು, ತೆಲುಗರು, ನಾವು, ಎಲ್ಲರೂ ಅವರಿಗೆ ಓಟು ಕೊಡುತ್ತೇವೆಂದು ಮಾತು ಕೊಟ್ಟೆವು. ಕೇಳಿ ಮುಖ ಅರಳಿಸಿಕೊಂಡು ಅವರು ಮುಂದಿನ ಬಾಗಿಲಿಗೆ ಹೋಗುತ್ತಿದ್ದರು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಕಾಂಪ್ಲೆಕ್ಸಿನಲ್ಲಿ ಅಮೆರಿಕದಲ್ಲಿ ಓಟಿದ್ದವರು ನನಗೆ ಗೊತ್ತಿದ್ದಂತೆ ಯಾರೂ ಇರಲಿಲ್ಲ. ಎಲ್ಲರೂ ವೀಸಾದ ಮೇಲೆ ಬಂದವರು. ಊರಿನ ಓಟು ಊರಲ್ಲೇ ಉಳಿಯಿತು. ಮೆಟುಚೆನ್ನಿನ ಬೀದಿಗಳಲ್ಲಿ ಎಲೆಕ್ಷನ್ನಿನ ಬೋರ್ಡುಗಳು ಹುಲ್ಲಿನ ಮೇಲೆ ಎದ್ದು ನಿಂತಾಗಲೂ ನಮ್ಮ ಕಡೆ ಒಬ್ಬ ನರಪಿಳ್ಳೆ ಸುಳಿಯುತ್ತಿರಲಿಲ್ಲ. ನಿಮ್ಮ ಅಭಿಪ್ರಾಯ ಬೇಕು, ನೀವು ಬೇಕು ಎಂದು ಆ ದೇಶದಲ್ಲಿ ನನ್ನನ್ನು ಕೇಳಿದ್ದು ಅವರೊಬ್ಬರೇ. ಅದಕ್ಕೇ ನನಗೆ ಅವರ ಮೇಲೆ ಅಷ್ಟು ಪ್ರೀತಿ ಬಂದಿರಬೇಕು.

ಜನವರಿಯ ಹೊತ್ತಿಗೆ ಚಳಿ ಜೋರಾಯಿತು. ನೆಲದ ಮೇಲೆ ಗಾಜಿನಂಥ ಐಸು. ಅಂಕಲ್ ಮನೆಯಿಂದ ನಮ್ಮಲ್ಲಿಗೆ ಬರಬೇಕೆಂದರೆ ರೂಟ್ ಟ್ವೆಂಟಿಸೆವೆನ್ ಹೆದ್ದಾರಿ ದಾಟಬೇಕು. ಒಂದು ದಿನ ಅದರ ನಡುವೆ ನಿಂತು ಬರುವ ಕಾರುಗಳಿಗೆಲ್ಲ ಟೋಪಿ ಎತ್ತಿ ನಮಸ್ಕಾರ ಮಾಡುತ್ತಿದ್ದರಂತೆ. ಪೊಲೀಸರು ಕರೆತಂದು ಬಿಟ್ಟರು. ಇನ್ನೊಂದು ದಿನ ನಮ್ಮ ಮೆಟ್ಟಿಲಿನ ಕೆಳಗೆ ಬಿದ್ದರು, ಹಣೆ ಒಡೆಯಿತು. ನನ್ನ ಗಂಡನಿಗೆ ಬೇರೆಯೇ ಚಿಂತೆ.

"ಅವ್ರು ನಮ್ಮ ಸ್ಟೆಪ್ಸ್ ಮ್ಯಾಲೆ ಬಿದ್ರ ನಾಳೆ ಕೋರ್ಟಿನ್ಯಾಗ ನಮ್ಮನ್ನ ಸ್ಯೂ ಮಾಡ್ತಾರ. ನೀ ಸುಮ್ನ ಬಾಗಲಾ ಹಾಕ್ಕೊಂಡು ಕುಂದ್ರಬಾರದೇನ?"

"ಕುಂತ ಕುಂತ ನಾನೂ ಬಾಗಲಾನ ಆಗೀನಿ. ನೀ ಹೋಗು ನಿನ್ನ ಟ್ರೇನ್ ಹಿಡಿ" ಅಂದೆ.

ಹಣೆಯ ಗಾಯಕ್ಕೆ ಹೊಲಿಗೆ ಹಾಕಿದ ಮೇಲೆ ಮಗಳು ಮತ್ತೆ ಬಂದಳು. ಈ ಸಲ ಕೂತುಕೊಳ್ಳಲಿಲ್ಲ. ಇನ್ನೊಂದು ಸಲ ಹೀಗೆ ರಸ್ತೆಯಲ್ಲಿ ಸಿಕ್ಕರೆ ಅವರನ್ನು ಬೀಗ ಹಾಕಿ ನೋಡಿಕೊಳ್ಳುವ ಜಾಗಕ್ಕೆ ಸೇರಿಸಲೇಬೇಕಾಗುತ್ತದೆ ಎಂದು ಡಾಕ್ಟರು, ಪೊಲೀಸರು ಎಲ್ಲ ಹೇಳಿಬಿಟ್ಟಿದ್ದರು. ಹಿಲ್ಸ್‌ಬರೋ ಕಡೆ ಅಂಥದ್ದೊಂದನ್ನು ನೋಡಿಕೊಂಡೂ ಬಂದಿದ್ದಳು. ಅಲ್ಲಿನ ಬಾಗಿಲುಗಳಿಗೆ ನಂಬರು ಒತ್ತಿದರೆ ಮಾತ್ರ ತೆಗೆಯುವ ಬೀಗ. ನೋಡಿ ಬಂದು ಕಾರಿನಲ್ಲಿ ಕೂತು ಅತ್ತಳಂತೆ. ಅಪ್ಪನನ್ನು ಎಂದೂ ಅಂಥಲ್ಲಿಗೆ ಕಳಿಸುವುದಿಲ್ಲ ಎಂದು ಸಾಯುವ ತಾಯಿಗೆ ಮಾತು ಕೊಟ್ಟಿದ್ದಳು.

ಹಗಲು ನೋಡಿಕೊಳ್ಳಲು ಇಟ್ಟವರ ಕಣ್ಣು ತಪ್ಪಿಸಿ ಅವರು ನಮ್ಮ ಕಡೆಗೇ ಬರುತ್ತಿದ್ದರು. ಮೆಟುಚೆನ್ನಿನ ಉಳಿದ ಬೀದಿಗಳಲ್ಲಿ ಜನ ಬಾಗಿಲು ತೆಗೆಯುವುದಿಲ್ಲ, ತೆಗೆದರೂ ನೋ ಥ್ಯಾಂಕ್ಸ್ ಅನ್ನುತ್ತಾರೆ, ಅಲ್ಲಿಗೆ ಅವರು ಎರಡನೇ ಸಲ ಹೋಗುತ್ತಿರಲಿಲ್ಲ. ನೀವು ಯಾಕೆ ಎಲ್ಲರೂ ಹೌದು ಹೌದು ಅನ್ನುತ್ತೀರಿ, ಎಂದು ಮಗಳು ಕೇಳಿದಳು. "ಪ್ಲೀಸ್, ಜಸ್ಟ್ ಟೆಲ್ ಹಿಮ್ ನೋ." ಅವಳ ದನಿಯಲ್ಲಿ ಸಿಟ್ಟಿತ್ತು. ನನಗೂ ಸಿಟ್ಟು ಬಂತು, ಆದರೆ ಅವಳು ಹೇಳಿದ್ದು ಸರಿಯಾಗಿತ್ತು.

ಆ ಭಾನುವಾರ ಮೈಸೂರಿನ ಆಂಟಿ ಮನೆಯಲ್ಲಿ ಸಭೆ ಸೇರಿತು. ಸಭೆ ಅಂದರೆ ಬಿಸಿಬೇಳೆಬಾತು, ಹಪ್ಪಳ, ಕಾರ್ಪೆಟ್ಟಿನ ಮೇಲೆ ಕೂತ ಹೆಂಗಸರು, ಮೂಲೆಯಲ್ಲಿ ಕ್ರಿಕೆಟ್ ಸ್ಕೋರು ಹುಡುಕುವ ಗಂಡಸರು. ಅಂಕಲ್‌ಗೆ ಎಲ್ಲರೂ ಇಲ್ಲ ಅನ್ನಬೇಕು, ಹಾಗಾದರೆ ಅವರು ಮನೆಯಲ್ಲೇ ಇರುತ್ತಾರೆ, ಅವರನ್ನು ಬೀಗದ ಮನೆಗೆ ಹಾಕುವುದಿಲ್ಲ ಎಂದು ನಾನು ವಿವರಿಸಿದೆ. ಎಲ್ಲರೂ ತಲೆ ಆಡಿಸಿದರು. ಹಾಗಾದರೆ ಹೇಗೆ ಹೇಳುತ್ತೀರಿ, ಹೇಳಿ ನೋಡೋಣ ಅಂದೆ.

"ಅಯ್ಯೋ, ಅಷ್ಟು ದೊಡ್ಡೋರಿಗೆ ಮುಖಕ್ಕೆ ಹೊಡ್ದ ಹಾಗೆ ಇಲ್ಲ ಅನ್ನೋದು ಹೆಂಗ್ರೀ? ನನ್ ಕೈಲಾಗಲ್ಲಪ್ಪ" ಎಂದರು ಆಂಟಿ.

"ಮತ್ತ ಏನಂತೀರಿ?"

"ನೋಡೋಣ ಅಂತೀನಿ. ನೋಡೋಣ ಅಂದ್ರೆ ಇಲ್ಲ ಅಂತ ಯಾರಿಗ್ ತಾನೇ ಗೊತ್ತಾಗಲ್ಲ?"

ಎಲ್ಲರಿಗೂ ಇದು ಬಹಳ ಹಿಡಿಸಿತು. ನಮ್ಮಲ್ಲಿ ಹೆಣ್ಣು ಒಪ್ಪಿಗೆಯಾಗದಿದ್ದರೂ ಕೆಲಸ ಕೊಡದಿದ್ದರೂ ಯಾರು ಇಲ್ಲ ಅನ್ನುತ್ತಾರೆ? ನೋಡೋಣ, ಮನೆಯವರನ್ನು ಕೇಳಿ ಹೇಳುತ್ತೇವೆ, ತಿಳಿಸುತ್ತೇವೆ. ಕೇಳಿದವರು ಎದ್ದು ಹೋಗುತ್ತಾರೆ, ಸಂಬಂಧ ಕೆಡುವುದಿಲ್ಲ. ನನಗೂ ಆ ಹೊತ್ತಿಗೆ ಅದು ಜಾಣತನವೆಂದೇ ಕಂಡಿತು. ನಗುನಗುತ್ತ ಎರಡನೇ ಸಲ ಬಡಿಸಿಕೊಂಡು ಉಂಡೆವು.

ಆ ವಾರ ಅವರಿಗೆ ಬಾಗಿಲು ಬಾಗಿಲಿನಲ್ಲೂ ನೋಡೋಣ ಎಂಬ ಉತ್ತರ ಸಿಕ್ಕಿತು. ಕನ್ನಡ ಬಾರದವರು ಲೆಟ್ ಅಸ್ ಸೀ ಅಂದರು, ಆಂಟಿ ಕನ್ನಡದಲ್ಲೇ ಅಂದರು. ಮಾರನೆಯ ದಿನ ಅವರು ಮತ್ತೆ ಬಂದರು. ಅದರ ಮಾರನೆಯ ದಿನವೂ ಬಂದರು. ಮೊದಲು ಬಿಟ್ಟು ಬಿಟ್ಟು ಬರುತ್ತಿದ್ದವರು ಈಗ ಹಗಲಿಗೊಮ್ಮೆ, ಒಮ್ಮೊಮ್ಮೆ ಎರಡು ಸಲ, ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡು, ಚಳಿಗೆ ಕಿವಿ ಕೆಂಪಾಗಿ ಬಂದು ನಿಲ್ಲುತ್ತಿದ್ದರು. ಯಾಕೆ ಹೀಗೆ ಎಂದು ನನಗೆ ತಿಳಿಯಲಿಲ್ಲ. ಕೊನೆಗೆ ಅವರನ್ನೇ ಕೇಳಿದೆ.

ಅವರು ಶಾಲೆಯ ಮಕ್ಕಳಿಗೆ ಹೇಳುವಂತೆ ಹೇಳಿದರು: "ಹೌದು ಅಂದವ್ರು ನಮ್ಮವ್ರು, ಅವ್ರ ಚಿಂತಿಲ್ಲ. ಇಲ್ಲ ಅಂದವ್ರ ಮನಿಗೆ ಹೋದ್ರ ಕಾಲ ನೂಸ್ತಾವ, ಮತ್ತೇನಿಲ್ಲ. ನೋಡೂಣು ಅಂದಾರಲ್ಲ, ಅವ್ರ ಕಡೆ ದಿನಾ ಹೋಗಬೇಕ ತಂಗಿ. ಗೆಲ್ಲೂದು ಸೋಲೂದು ಎಲ್ಲಾ ಅವ್ರ ಕೈಯಾಗ ಐತಿ."

ನಮ್ಮ ಮರ್ಯಾದೆಯೇ ಅವರನ್ನು ಐಸಿನ ಮೇಲೆ ನಡೆಸುತ್ತಿತ್ತು. ಮೇಲೆ ಹೋಗಿ ಆಂಟಿಗೆ ಹೇಳಿದೆ. ಆಂಟಿ ಕಣ್ಣೊರೆಸಿಕೊಂಡು, ಹಾಗಾದ್ರೆ ನೀವೇ ಹೇಳಿ, ನಿಮ್ಮ ಕಡೆ ಭಾಷೆ ಗಡಸು, ನಿಮಗೆ ಆಗುತ್ತೆ ಅಂದರು. ಬೇರೆ ದಿನವಾಗಿದ್ದರೆ ಆ ಮಾತಿಗೆ ಜಗಳವಾಡುತ್ತಿದ್ದೆ.

ಮರುದಿನ ಮಧ್ಯಾಹ್ನ ಮಳೆ ಹಿಮ ಎರಡೂ ಕೂಡಿ ಬೀಳುತ್ತಿದ್ದವು. ಅವರು ಬಂದರು. ಒಳಗೆ ಕರೆದು ಕೋಟು ಬಿಚ್ಚಿಸಿ ಹೀಟರಿನ ಹತ್ತಿರ ಕೂರಿಸಿದೆ. ಕೈ ಮುಟ್ಟಿದರೆ ಕಲ್ಲಿನ ಹಾಗೆ ತಣ್ಣಗಿತ್ತು. ಅವರು ಕಾಫಿ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು, ಶನಿವಾರ ನೀ ಏನು ಮಾಡುತ್ತಿ ಎಂದು ಕೇಳಿದರು.

"ನಾ ನಿಮಗ ಓಟ ಹಾಕಂಗಿಲ್ಲ್ರೀ" ಅಂದೆ.

ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಅವರು ಲೋಟ ಕೆಳಗಿಟ್ಟರು. ಸಿಟ್ಟಾಗಲಿಲ್ಲ. ಮುಖದಲ್ಲಿ ಅದುವರೆಗೆ ನಾನು ನೋಡದ ಒಂದು ಚುರುಕು ಬಂತು.

"ಯಾಕ?"

ಅದನ್ನು ನಾನು ಯೋಚಿಸಿರಲೇ ಇಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. "ನಿಮಗ ವಯಸ್ಸಾತು. ಬೀದಿ ಬೀದಿ ಅಡ್ಡಾಡೂ ವಯಸ್ಸಲ್ಲ ಇದು. ಸಾಕ್ರಿ ಇನ್ನ, ಮನ್ಯಾಗ ಇರ್ರಿ."

"ಮ್ಯಾಲಿನ ಮನಿಯವ್ರೂ ಹಂಗ ಅಂತಾರೇನ?"

"ಎಲ್ಲಾರೂ ಹಂಗ ಅಂತಾರ. ನಿಮ್ಮ ಮುಂದ ಹೇಳಾಂಗಿಲ್ಲ, ಅಷ್ಟ."

ನಾನು ಕೇಳದೆಯೇ ಅವರು ಒಂದು ಮಾತು ಹೇಳಿದರು. ಆ ಹಳೆಯ ಸೋಲಿನ ವರ್ಷವೂ ಹೀಗೇ ಆಗಿತ್ತಂತೆ. ಎಲ್ಲ ಬಾಗಿಲಲ್ಲೂ ನಕ್ಕು ಮಾತಾಡಿಸಿದರು, ಬೆನ್ನು ತಟ್ಟಿದರು. ಓಟು ಎಣಿಸುವ ಜಾಗದಲ್ಲಿ ಹೆಂಡತಿಯ ಜೊತೆ ನಿಂತಾಗಲೇ ಅವರಿಗೆ ಗೊತ್ತಾದದ್ದು. ಹೆಂಡತಿ ಹೊಸ ಸೀರೆ ಉಟ್ಟು ಬಂದಿದ್ದಳು ಎಂದರು. ನಿಜಕ್ಕೂ ಸೀರೆಯೋ, ನೆನಪು ಎಲ್ಲೆಲ್ಲಿಯದೋ ಕಲಸಿಹೋಗಿತ್ತೋ, ನನಗೆ ಗೊತ್ತಿಲ್ಲ.

"ಮಾರಿ ನೋಡಿ ಹೇಳಿದಾಕಿ ನೀ ಒಬ್ಬಾಕೀನ" ಎಂದು ಎದ್ದು ನನ್ನ ಕೈ ಕುಲುಕಿದರು. ಕೋಟು ಹಾಕಿಕೊಂಡರು, ಗುಂಡಿಗಳನ್ನು ಸರಿಯಾಗಿ ಹಾಕಿಕೊಂಡರು. ನಾನೇ ಕೊಡೆ ಹಿಡಿದು ಅವರ ಮನೆಯವರೆಗೂ ಹೋಗಿ ಬಿಟ್ಟು ಬಂದೆ. ದಾರಿಯಲ್ಲಿ ಯಾವ ಬಾಗಿಲ ಕಡೆಗೂ ಅವರು ನೋಡಲಿಲ್ಲ.

ಅದಾದ ಮೇಲೆ ಅವರು ಬರಲಿಲ್ಲ. ಒಂದು ವಾರ ಕಳೆಯಿತು. ಐಸಿನ ಮೇಲೆ ಅವರ ಬೂಟಿನ ಗುರುತಿರಲಿಲ್ಲ. ಮಗಳು ಫೋನ್ ಮಾಡಿ ಥ್ಯಾಂಕ್ಸ್ ಹೇಳಿದಳು. ಅಪ್ಪ ಶಾಂತವಾಗಿದ್ದಾರೆ, ಹೇಳಿದ ಮಾತು ಕೇಳುತ್ತಾರೆ, ಬಾಗಿಲ ಹತ್ತಿರವೇ ಸುಳಿಯುವುದಿಲ್ಲ ಎಂದಳು. ಆಂಟಿ ಸಂತೋಷಕ್ಕೆ ಪಾಯಸ ಮಾಡಿದರು. ನಾನು ಗೆದ್ದೆ ಎಂದು ನನಗೂ ಅನ್ನಿಸಿತು. ಗಂಡನ ಮುಂದೆ ಕೊಚ್ಚಿಕೊಂಡೆ ಕೂಡ.

ಆಮೇಲೆ ಒಂದು ಸಂಜೆ ಮಗಳು ಕೆಲಸದಿಂದ ಮನೆಗೆ ಬಂದಾಗ ಅಪ್ಪನ ಕೋಣೆ ಖಾಲಿಯಾಗಿತ್ತು. ಅಪ್ಪ ಇದ್ದರು. ಕೋಣೆಯಲ್ಲಿ ಮಾತ್ರ ಏನೂ ಇರಲಿಲ್ಲ. ಬಟ್ಟೆಗಳನ್ನೆಲ್ಲ ಮಡಿಸಿ ಸೂಟ್‌ಕೇಸಿಗೆ ತುಂಬಿದ್ದರು. ಗೋಡೆಯ ಫೋಟೋಗಳನ್ನು ಇಳಿಸಿ, ಹಾಸಿಗೆಯ ಚಾದರ ಸುತ್ತಿ, ನೆಲ ಗುಡಿಸಿ, ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟಿದ್ದರು. ಕೋಟು ಟೋಪಿ ಹಾಕಿಕೊಂಡು ಹಾಲಿನ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಏನಿದು ಎಂದು ಮಗಳು ಕೇಳಿದ್ದಕ್ಕೆ, ತಾನು ಸೋತಾಯಿತು, ಗೆದ್ದವರಿಗೆ ಜಾಗ ಬೇಕು, ಕಾರು ಯಾವಾಗ ಬರುತ್ತದೆ ಎಂದರು.

ಆಸ್ಟ್ರೇಲಿಯಾದಲ್ಲೂ ಹಾಗೇ ಮಾಡಿದ್ದರಂತೆ. ಸೋತ ಮೇಲೆ ಇನ್ನೂ ಯಾರೂ ಕೇಳುವ ಮುಂಚೆಯೇ ಹೋಗಿ ತಮ್ಮ ಆಫೀಸನ್ನು ತಾವೇ ಖಾಲಿ ಮಾಡಿ, ಹೊಸ ಸದಸ್ಯನಿಗೆ ಮೇಜಿನ ಮೇಲೆ ಹೂವಿಟ್ಟು ಬಂದಿದ್ದರು. ಆ ಮರ್ಯಾದೆಯ ಬಗ್ಗೆ ಅವಳ ತಾಯಿ ಬದುಕಿರುವ ತನಕ ಹೇಳುತ್ತಿದ್ದಳು. ಅದನ್ನು ನನಗೆ ಹೇಳುವಾಗ ಮಗಳು ಅಳಲಿಲ್ಲ. ಬರೀ ನನ್ನನ್ನೇ ನೋಡಿದಳು.

ಅವಳು ಬಟ್ಟೆಗಳನ್ನು ಮತ್ತೆ ಕಪಾಟಿನಲ್ಲಿ ಇಟ್ಟಳು. ಮರುದಿನ ಅವು ಮತ್ತೆ ಸೂಟ್‌ಕೇಸಿನಲ್ಲಿದ್ದವು. ಅವರು ಆ ಹಾಸಿಗೆಯ ಮೇಲೆ ಮಲಗಲು ಒಪ್ಪಲಿಲ್ಲ, ಅದು ಇನ್ನೊಬ್ಬರದು ಎಂದರು. ಊಟದ ಮೇಜಿಗೆ ಬಂದರೂ ನಿಂತೇ ತಿನ್ನುತ್ತಿದ್ದರು. ನಾನು ಹೋಗಿ ಕನ್ನಡದಲ್ಲಿ ಹೇಳಿ ನೋಡಿದೆ. "ಸುಳ್ಳ ಹೇಳಿದ್ನಿರೀ, ನಾವೆಲ್ಲಾ ನಿಮಗ ಹಾಕ್ತೀವಿ, ನೀವು ಗೆದ್ದೀರಿ" ಎಂದೆ. ಅವರು ನನ್ನ ಭುಜ ತಟ್ಟಿದರು. "ಸಮಾಧಾನಾ ಮಾಡಾಕ ಬರಬ್ಯಾಡ ತಂಗಿ. ಇದು ನನಗ ಹೊಸಾದಲ್ಲ" ಅಂದರು. ಇಲ್ಲ ಎಂಬ ನನ್ನ ಒಂದು ಮಾತನ್ನು ಅವರು ನಂಬಿದ್ದರು. ನೆನಪು ನಿಲ್ಲದ ಆ ತಲೆಯಲ್ಲಿ ಅದೊಂದು ಮಾತ್ರ ಗಟ್ಟಿಯಾಗಿ ನಿಂತಿತು. ದೇವರ ಮೇಲೆ ನನಗೆ ಅವತ್ತು ಬಂದ ಸಿಟ್ಟು ಇಷ್ಟು ಅಂತ ಹೇಳಲಾರೆ.

ಕಾರು ಬಾರದೆ ಇದ್ದುದರಿಂದ ಅವರು ಒಂದು ದಿನ ನೋಡಿಕೊಳ್ಳುವವರ ಕಣ್ಣು ತಪ್ಪಿಸಿ ತಾವೇ ಹೊರಟರು. ಸೂಟ್‌ಕೇಸು ಎಳೆದುಕೊಂಡು ಮೆಟುಚೆನ್ ಸ್ಟೇಷನ್ನಿಗೆ ಹೋದರು. ಅಲ್ಲಿ ನಿಲ್ಲದೆ ಹಾಯ್ದು ಹೋಗುವ ದೊಡ್ಡ ರೈಲುಗಳಿವೆ. ಬಂದರೆ ಪ್ಲಾಟ್‌ಫಾರ್ಮೇ ನಡುಗುತ್ತದೆ. ಇಂಜಿನ್ ಡ್ರೈವರ್‌ನ ಮಗ, ರೈಲಿಗೆ ಹೆದರುವವರಲ್ಲ. ಹಳದಿ ಗೆರೆಯ ಆಚೆ, ಅಂಚಿನಲ್ಲಿ ನಿಂತು, ಹುಬ್ಬಳ್ಳಿಗೆ ಹೋಗುವ ಗಾಡಿಗೆ ಕೈ ತೋರಿಸುತ್ತಿದ್ದರಂತೆ. ಮಧ್ಯಾಹ್ನದ ಗಾಡಿಗೆ ಬಂದಿದ್ದ ಯಾರೋ ಹೆಂಗಸು ಕೋಟು ಹಿಡಿದು ಹಿಂದಕ್ಕೆ ಎಳೆದಳು. ಅಲ್ಲಿಗೆ ಎಲ್ಲ ಮುಗಿಯಿತು. ಪೊಲೀಸರು ಇನ್ನೊಂದು ಮಾತು ಕೇಳಲಿಲ್ಲ, ಮಗಳು ಹಿಲ್ಸ್‌ಬರೋದ ಕಾಗದಗಳಿಗೆ ಸಹಿ ಹಾಕಿದಳು.

ಹಿಲ್ಸ್‌ಬರೋ ಕಡೆಯ ಮನೆಗೆ ಕರೆದೊಯ್ಯುವ ದಿನ ನಾನೂ ಆಂಟಿಯೂ ಹೋಗಿದ್ದೆವು. ಅಳುತ್ತಾರೆ, ಹೋಗುವುದಿಲ್ಲ ಎಂದು ಹಟ ಹಿಡಿಯುತ್ತಾರೆ ಎಂದುಕೊಂಡಿದ್ದೆ. ಅವರು ಗಡ್ಡ ನುಣ್ಣಗೆ ಹೆರೆದು ಟೈ ಕಟ್ಟಿಕೊಂಡು ಸಿದ್ಧವಾಗಿದ್ದರು. ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈ ಕುಲುಕಿದರು. ತಮ್ಮನ್ನು ಇಷ್ಟು ದಿನ ಇಲ್ಲಿ ಇರಗೊಟ್ಟಿದ್ದಕ್ಕೆ ಇಂಗ್ಲಿಷಿನಲ್ಲಿ ಚಿಕ್ಕದೊಂದು ಭಾಷಣ ಮಾಡಿ ಧನ್ಯವಾದ ಹೇಳಿದರು. ಮಗಳನ್ನು ಗುರುತು ಹಿಡಿಯದೆ ಅವಳ ಕೈಯನ್ನೂ ಹಾಗೇ ಕುಲುಕಿದರು. ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮನೆಯ ಹಿಂದಕ್ಕೆ ಹೋದರು.

ಮುಂದಿನ ವರ್ಷದ ಹೊತ್ತಿಗೆ ಕಂಪ್ಯೂಟರ್ ಕೆಲಸದ ಬೂಮ್ ಕೂಡ ಮುಗಿಯಿತು. ಕಂಪ್ಯೂಟರುಗಳಿಗೆ ತಲೆ ಕೆಡಲಿಲ್ಲ, ಕಂಪನಿಗಳಿಗೆ ಕೆಟ್ಟಿತು. ನಮ್ಮ ಕಾಂಪ್ಲೆಕ್ಸಿನಲ್ಲಿ ಒಂದೊಂದೇ ಮನೆ ಖಾಲಿಯಾಯಿತು. ಗುಜರಾತಿನವರು ಹೋದರು, ತೆಲುಗರು ಸೋಫಾವನ್ನು ರಸ್ತೆ ಬದಿಯಲ್ಲಿ ಬಿಟ್ಟು ಹೋದರು. ಆಂಟಿಯ ಅಳಿಯನಿಗೂ ಕೆಲಸ ಹೋಗಿ ಅವರೆಲ್ಲ ಮೈಸೂರಿಗೆ ಮರಳಿದರು. ನನ್ನ ಗಂಡನಿಗೆ ನ್ಯೂಜರ್ಸಿಯಲ್ಲೇ ಮಾನ್ಮತ್ ಜಂಕ್ಷನ್ ಎಂಬ ಊರಿನ ಕಡೆ ಇನ್ನೊಂದು ಕಾಂಟ್ರಾಕ್ಟ್ ಸಿಗಬಹುದೆಂದು ಕಾಯುತ್ತಿದ್ದೆವು. ನಮ್ಮ ಸೂಟ್‌ಕೇಸುಗಳನ್ನೂ ಮಂಚದ ಕೆಳಗಿಂದ ತೆಗೆದು ಹಾಲಿನಲ್ಲಿ ಇಟ್ಟುಕೊಂಡಿದ್ದೆವು.

ಆ ದಿನಗಳಲ್ಲೇ ಒಂದು ಶನಿವಾರ ಗಂಡ ನನ್ನನ್ನು ಹಿಲ್ಸ್‌ಬರೋಗೆ ಕಾರಿನಲ್ಲಿ ಕರೆದುಕೊಂಡು ಹೋದ. ಅಂಕಲ್ ಕಿಟಕಿಯ ಪಕ್ಕ ಕೂತಿದ್ದರು. ಬಹಳ ಇಳಿದುಹೋಗಿದ್ದರು. ಇಂಗ್ಲಿಷು ಪೂರ್ತಿ ಹೋಗಿತ್ತು, ನರ್ಸುಗಳಿಗೆ ಅವರ ಒಂದು ಮಾತೂ ತಿಳಿಯುತ್ತಿರಲಿಲ್ಲ. ನನ್ನನ್ನು ಗುರುತಿಸಿದರೋ ಇಲ್ಲವೋ, ಕನ್ನಡ ಕೇಳಿ ಕಣ್ಣೆತ್ತಿದರು.

"ನಮ್ಮ ಕ್ಷೇತ್ರದ ಮಂದಿ ಎಲ್ಲಾ ಹ್ಯಾಂಗದಾರ?"

"ಆರಾಮದಾರ್ರಿ, ಎಲ್ಲಾರೂ ಆರಾಮದಾರ" ಅಂದೆ.

"ಯಾರ್ ಗೆದ್ರು?"

"ಹೊಸಬ್ರು ಒಬ್ರು ಗೆದ್ದಾರ್ರಿ" ಎಂದೆ.

"ಚಲೋ ಮನಷ್ಯಾ ಏನ?"

"ಚಲೋ ಮನಷ್ಯಾರಿ."

ಅವರು ನನ್ನ ಕೈ ಹಿಡಿದುಕೊಂಡರು. ಹಿಡಿತದಲ್ಲಿ ಬಲವಿರಲಿಲ್ಲ, ಆದರೂ ಬಿಡಲಿಲ್ಲ. ಬಗ್ಗಿ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಕೇಳಿದರು.

"ಮನಿಮನಿಗೆ ಬರ್ತಾನೇನ ಅಂವಾ?"

ಖಾಲಿ ಬಿದ್ದ ನಮ್ಮ ಕಾಂಪ್ಲೆಕ್ಸು ಕಣ್ಣಿಗೆ ಬಂತು. ಗಂಡ ಮುಖ ಅತ್ತ ತಿರುಗಿಸಿಕೊಂಡ.

"ದಿನಾ ಬರ್ತಾನ್ರಿ. ಬಾಗಲಾ ಬಡದು, ಹಿಂದ ಸರದು ನಿಲ್ತಾನ" ಅಂದೆ.

"ಹಂಗಾರ ಆತು ಬಿಡು" ಎಂದು ಕೈ ಬಿಟ್ಟರು.

ನರ್ಸ್ ಬಂದು ಬಾಗಿಲಿನ ನಂಬರು ಒತ್ತಿ ನಮ್ಮನ್ನು ಹೊರಗೆ ಬಿಟ್ಟಳು. ನಾವು ಮನೆಗೆ ಬಂದೆವು, ನಾನು ಅನ್ನಕ್ಕಿಟ್ಟೆ. ಆ ಊರು ಬಿಡುವವರೆಗೂ ನಮ್ಮ ಬಾಗಿಲನ್ನು ಮತ್ತೆ ಯಾರೂ ಬಡಿಯಲಿಲ್ಲ.